ಸಿಗದ ನಂಬರಿಗೆ ಕೊಟ್ಟ ಉತ್ತರ

ಬೆಳಿಗ್ಗೆ ಹೆಂಗಸೊಬ್ಬಳು ಠಾಣೆಗೆ ಬಂದಳು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಚುಚ್ಚಿದ ಕೂಡಲೇ ತನ್ನ ತಮ್ಮ ಉಸಿರುಗಟ್ಟಿ ಸತ್ತನೆಂಬುದು ಅವಳ ದೂರು.

"ಪೆನ್ಸಿಲಿನ್ ಅವನಿಗೆ ಆಗಲ್ಲ ಸಾರ್. ಸೇರಿಸುವಾಗಲೇ ಹೇಳಿದ್ದೆ. ನನ್ನೆದುರಿಗೇ ಕಂಪ್ಯೂಟರಿಗೆ ಹಾಕಿದ್ರು."

ಎಫ್‌ಐಆರ್ ದಾಖಲಿಸಿದ ಇನ್‌ಸ್ಪೆಕ್ಟರ್ ಪೇದೆಯೊಬ್ಬನೊಂದಿಗೆ ಆಸ್ಪತ್ರೆಗೆ ಹೊರಟರು. ಪೇದೆಯ ತಾಯಿಯೂ ಅಲ್ಲೇ ದಾಖಲಾಗಿದ್ದಳು.

ನರ್ಸ್ ಅಳುತ್ತಲೇ ಹೇಳಿಕೆ ಕೊಟ್ಟಳು. "ಚುಚ್ಚೋ ಮುಂಚೆ ನೋಡ್ದೆ ಸಾರ್. 'ಅಲರ್ಜಿ ಇಲ್ಲ' ಅಂತಲೇ ತೋರಿಸ್ತು."

ಕಂಪ್ಯೂಟರ್ ಕೋಣೆಯಲ್ಲಿ ಪ್ರೋಗ್ರಾಮರ್ ಒಬ್ಬನೇ ಕುಳಿತಿದ್ದ. ಇನ್‌ಸ್ಪೆಕ್ಟರ್ ರೋಗಿಗಳ ನಂಬರ್, ಅಲರ್ಜಿ ವಿವರವಿದ್ದ ಟೆಕ್ಸ್ಟ್ ಫೈಲ್ ತೆರೆಸಿದರು. ಸತ್ತವನ ನಂಬರಿನ ಮುಂದೆ 'ಪೆನ್ಸಿಲಿನ್' ಎಂದೇ ಇತ್ತು.

"ಇಲ್ಲಿ ಇದೆ. ಅಲ್ಲಿ ಯಾಕೆ ಇಲ್ಲ ಅನ್ನುತ್ತೆ?"

ಅವನು ನರ್ಸ್‌ಗಳು ನೋಡುವ ಪರದೆ ತೆರೆದ.

"ಯಾವ ರೋಗಿಗೂ ಕೊಡದ ನಂಬರ್ ಒಂದು ಹೊಡಿ."

ಹೊಡೆದ. ಪರದೆಯ ಮೇಲೆ 'ಅಲರ್ಜಿ ಇಲ್ಲ' ಎಂದು ಮೂಡಿತು.

"ಇಲ್ಲದ ಮನುಷ್ಯನಿಗೂ ಅಲರ್ಜಿ ಇಲ್ಲವಾ?"

ಪೇದೆಯ ಮುಖ ಬಿಳುಚಿತು. "ಸಾರ್, ಅಮ್ಮಂಗೆ ಸಲ್ಫಾ ಮಾತ್ರೆ ಆಗಲ್ಲ! ಈಗಲೇ ಔಷಧಿ ಕೊಡೋ ಹೊತ್ತು!" ಎಂದವನೇ ಓಡಿದ. ಇನ್‌ಸ್ಪೆಕ್ಟರ್ ಎಲ್ಲ ವಾರ್ಡಿಗೂ ಫೋನ್ ಮಾಡಿಸಿದರು: ರೋಗಿಯ ಮನೆಯವರನ್ನು ಕೇಳದೆ ಯಾರಿಗೂ ಏನೂ ಕೊಡಬೇಡಿ.

ಪೇದೆ ಏದುಸಿರು ಬಿಡುತ್ತ ಮರಳಿದ. "ಸದ್ಯ, ಇನ್ನೂ ಕೊಟ್ಟಿರಲಿಲ್ಲ. ಎಲ್ಲರೆದುರು ಕೂಗಾಡಿ ಮಾನ ಕಳೆದೆ ಅಂತ ಅಮ್ಮ ಬೈತಾ ಇದಾಳೆ."

"ಈಗ ಹೇಳು," ಎಂದು ಪ್ರೋಗ್ರಾಮರ್ ಕಡೆ ತಿರುಗಿದರು ಇನ್‌ಸ್ಪೆಕ್ಟರ್.

ಪ್ರೋಗ್ರಾಮರ್ ತಲೆ ತಗ್ಗಿಸಿದ. "ಫೈಲಲ್ಲಿ ನಂಬರ್ ಸಿಕ್ಕಿದ್ರೆ ಮಾತ್ರ ಉತ್ತರ ತುಂಬ್ಕೊಳ್ಳೋ ಹಾಗೆ ಬರೆದಿದ್ದೆ. ಸಿಗದಿದ್ರೆ ಉತ್ತರದ ಜಾಗ ಖಾಲಿ. ಪ್ರೋಗ್ರಾಂ 'ದೋಷ' ಅಂತ ತೋರಿಸಿ ನಿಂತುಬಿಡ್ತಿತ್ತು. ಇನ್ನೊಂದು ಸಲ ನಿಂತ್ರೆ ಕೆಲಸ ಬಿಟ್ಟು ಹೋಗು ಅಂದ್ರು ಮ್ಯಾನೇಜರ್. ಅದಕ್ಕೆ ಹುಡುಕೋ ಮೊದಲೇ 'ಅಲರ್ಜಿ ಇಲ್ಲ' ಅಂತ ತುಂಬಿಟ್ಟೆ. ಆಮೇಲೆ ನಿಲ್ಲಲಿಲ್ಲ."

"ಫೈಲಲ್ಲಿದ್ದರೂ ಸತ್ತವನ ನಂಬರ್ ಯಾಕೆ ಸಿಗಲಿಲ್ಲ?"

"ಫೈಲಿಗೆ ಟೈಪ್ ಮಾಡುವಾಗ ನಂಬರಿನ ಹಿಂದೆ ಒಂದು ಖಾಲಿ ಜಾಗ ಸೇರ್ಕೊಂಡಿದೆ. ಕಣ್ಣಿಗೆ ಕಾಣಲ್ಲ. ಪ್ರೋಗ್ರಾಂಗೆ ಅದು ಬೇರೆ ನಂಬರ್."

"ಹೀಗಾಗಬಹುದು ಅಂತ ಗೊತ್ತಿತ್ತಾ?"

"ಗೊತ್ತಿತ್ತು ಸಾರ್. ದಿನಾ ಹೆದರ್ಕೊಂಡೇ ಬರ್ತಿದ್ದೆ."

ಪಂಚರ ಎದುರು ಡಿಸ್ಕಿನ ಪ್ರತಿ ತೆಗೆದು ಪಂಚನಾಮೆ ಬರೆಸಿದರು. ಬಳಿಕ ಅವರ ಕಣ್ಣೆದುರೇ ಪ್ರೋಗ್ರಾಮರ್ ಆ 'ಅಲರ್ಜಿ ಇಲ್ಲ' ಸಾಲು ಅಳಿಸಿ, 'ವಿವರ ಸಿಗಲಿಲ್ಲ, ಔಷಧಿ ಕೊಡಬೇಡಿ' ಎಂದು ಬರೆದ. ನಂಬರಿನ ಆಚೀಚೆಯ ಖಾಲಿ ಜಾಗ ಕತ್ತರಿಸಿದ ಮೇಲೇ ಹುಡುಕುವಂತೆಯೂ ಮಾಡಿದ. ಕೆಲಸಕ್ಕೆ ಹಿಡಿದದ್ದು ಹತ್ತೇ ನಿಮಿಷ. ಸಂಜೆ ನಾಲ್ಕಕ್ಕೆ ಅವನನ್ನು ಬಂಧಿಸಲಾಯಿತು. ಮ್ಯಾನೇಜರನಿಗೂ ನೋಟಿಸ್ ಹೋಯಿತು.

ಠಾಣೆಯ ಬೆಂಚಿನ ಮೇಲೆ ಆ ಅಕ್ಕ ಇನ್ನೂ ಕುಳಿತಿದ್ದಳು.

"ನನ್ನ ತಮ್ಮನ ಮೇಲೆ ಅವನಿಗೇನು ದ್ವೇಷ ಸಾರ್?"

"ದ್ವೇಷ ಇಲ್ಲಮ್ಮ. ಕೆಲಸ ಹೋಗುತ್ತೆ ಅಂತ ಹೆದರಿದ್ದ."

"ಸೂಜಿ ನೋಡಿ ನನ್ನ ತಮ್ಮನೂ ಹೆದರಿದ್ದ. ಏನೂ ಆಗಲ್ಲ ಕಣೋ ಅಂತ ನಾನೇ ಕೈ ಹಿಡ್ಕೊಂಡಿದ್ದೆ."