ಯಂಕೋಬನ ಹೆಬ್ಬೆಟ್ಟು

2024ರ ಆಗಸ್ಟ್ 12, ಸೋಮವಾರ, ಬೆಳಿಗ್ಗೆ 10.40. ಮಾನ್ವಿ ತಾಲೂಕಿನ ಒಂದು ಠಾಣೆಗೆ ನೀರಮಾನ್ವಿಯ ಗಾರೆ ಕೆಲಸದ ಗೌಂಡಿ ಯಂಕೋಬ ಅರ್ಜಿ ಹಿಡಿದು ಬಂದ. ಜಾಮೀನಿನ ಮೇಲಿದ್ದ ಆರೋಪಿ ತಾನಾಗಿಯೇ ಠಾಣೆಯ ಮೆಟ್ಟಿಲು ಹತ್ತುವುದೆಂದರೇನು? ವರ್ಗವಾಗಿ ಬಂದು ಒಂಬತ್ತು ದಿನವಾಗಿದ್ದ ಇನ್ಸ್‌ಪೆಕ್ಟರ್ ಆತಿಯಾಗೆ ಮೊದಲು ಹುಟ್ಟಿದ್ದು ಅನುಮಾನವೇ.

"ನಮ್ಮತ್ತಿನ್ನ ನಾ ಕೊಂದಿಲ್ರಿ ಮೇಡಂ. ಹೆಣ್ತಿ ತವರಿಗೆ ಹೋಗಿ ಕುಂತಾಳ, ನನ್ನ ಮಾರಿ ನೋಡವಲ್ಲಳು. ಅತ್ತಿ ಮಣ್ಣಿಗೂ ನನ್ನ ಬಿಡಲಿಲ್ಲ. ಇನ್ನೊಮ್ಮಿ ತನಿಖಿ ಮಾಡ್ರಿ."

ಆತಿಯಾ ಕಡತ ತೆರೆದರು. ಮಾರ್ಚ್ 14, ಬೆಳಿಗ್ಗೆ 7.15. ಚೀಕಲಪರ್ವಿ ರಸ್ತೆಯಲ್ಲಿ ಯಂಕೋಬನ ಅತ್ತೆ ವೆಂಕಮ್ಮನಿಗೆ, ಅವನು ದುಡಿಯುತ್ತಿದ್ದ ಕಟ್ಟಡದ ಗುತ್ತಿಗೆದಾರನ ಟ್ರ್ಯಾಕ್ಟರ್ ಬಡಿದು, ನಿಲ್ಲದೆ ಹೋಗಿತ್ತು. ಕಂಡವರು ಗಾಡಿಯನ್ನು ಗುರುತಿಸಿದ್ದರು, ಚಾಲಕನನ್ನಲ್ಲ. ಆದರೆ ಕಟ್ಟಡದ ಉಸ್ತುವಾರಿ ಸುಭಾಷ್ ಬರೆದಿಡುತ್ತಿದ್ದ ವಾಹನ ಪುಸ್ತಕದಲ್ಲಿ '6.50, ಯಂಕೋಬ ಒಯ್ದ' ಎಂದಿತ್ತು. ಪಕ್ಕದಲ್ಲೇ ಹೆಬ್ಬೆಟ್ಟು. ಅದರ ಮೇಲೆಯೇ ಎಫ್‌ಐಆರ್, ಅದರ ಮೇಲೆಯೇ ದೋಷಾರೋಪ ಪಟ್ಟಿ.

"ಟ್ರ್ಯಾಕ್ಟರ್ ಹೊಡೀತಿಯಾ?"

"ಹೊಡೀತೀನ್ರಿ. ಅವತ್ತ ಹೊಡದಿಲ್ಲ."

"ಎಲ್ಲಿದ್ದಿ?"

"ನೀರಿನ ಟಾಕಿ ಒಳಗ ನಾ ಒಬ್ಬನ ಸಿಮೆಂಟ್ ಗಿಲಾವು ಮಾಡಾಕತ್ತಿದ್ದೆ."

"ನೋಡಿದವರು?"

"ಯಾರೂ ಇಲ್ರಿ."

"ಎಲ್ಲಾರೂ ಹಿಂಗ ಅಂತಾರ್ರಿ," ಎಂದು ಹೆಡ್ ಕಾನ್‌ಸ್ಟೆಬಲ್ ಯಲ್ಲಾಲಿಂಗ ಗೊಣಗಿದ.

ಯಲ್ಲಾಲಿಂಗನ ಮಾತು ಸುಳ್ಳಲ್ಲ. ಆದರೆ ಆ ಹೆಬ್ಬೆಟ್ಟನ್ನು ಹೋಲಿಕೆಗೆ ಯಾರೂ ಕಳಿಸಿಯೇ ಇರಲಿಲ್ಲ. ಒಬ್ಬನ ಬಾಳು ಹಾಳಾಗುವ ಕಡೆ ಇಷ್ಟು ಸೋಮಾರಿತನವೇ! ಆತಿಯಾ ಮುಂದಿನ ತನಿಖೆಗೆ ನ್ಯಾಯಾಲಯದ ಅನುಮತಿ ಪಡೆದು ಆಗಸ್ಟ್ 21ರಂದು ದೇವದುರ್ಗಕ್ಕೆ ಹೊರಟರು.

ಯಂಕೋಬನ ಹೆಂಡತಿ ಸೌಭಾಗ್ಯ ತವರಿನ ಕಟ್ಟೆಯ ಮೇಲಿಂದ ಏಳಲಿಲ್ಲ.

"ಗಂಡನ ಮ್ಯಾಲ ಯಾಕ ಸಂಶಯ?"

"ಪುಸ್ತಕದಾಗ ಹೆಬ್ಬಟ್ಟು ಅದಲ್ರಿ. ನಮ್ಮವ್ವನ್ನ ಕೊಂದಾಂವನ ಕೂಡ ಹೆಂಗ ಬಾಳ್ವಿ ಮಾಡ್ಲಿ?"

ಆತಿಯಾ ಆ ಹಾಳೆಯ ಫೋಟೋ ಅವಳ ಮುಂದಿಟ್ಟರು. "ಹೋಲಿಸಿ ನೋಡಬೇಕು. ಅವನ ಹೆಬ್ಬಟ್ಟು ಬ್ಯಾರೆ ಎಲ್ಲಿ ಸಿಗತದ? ರೇಷನ್ ಅಂಗಡ್ಯಾಗ?"

"ಅಲ್ಲಿ ನಾನ ಒತ್ತೂದ್ರಿ. ಸಿಮೆಂಟ್ ಕಲಸಿ ಕಲಸಿ ಅವರ ಬೆರಳು ಸವದು ಮಷಿನ್ನಿಗೆ..."

ಸೌಭಾಗ್ಯ ಫೋಟೋ ಎಳೆದುಕೊಂಡಳು. ಅದರಲ್ಲಿ ಹೆಬ್ಬೆಟ್ಟಿನ ಗೆರೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು.

"ಯವ್ವಾ! ಇದು ಅವರದಲ್ರಿ!" ಎಂದು ಹಣೆ ಬಡಿದುಕೊಂಡಳು.

ಆಗಸ್ಟ್ 23, ಮಧ್ಯಾಹ್ನ 12.10. ಪಂಚರ ಎದುರು ಯಂಕೋಬನ ಹತ್ತೂ ಬೆರಳಿಗೆ ಮಸಿ ಹಚ್ಚಿ ಒತ್ತಿಸಿದರು. ಹಾಳೆಯ ಮೇಲೆ ಮೂಡಿದ್ದು ಬರೀ ಕಪ್ಪು ಕಲೆಗಳು. ಪುಸ್ತಕದ ಹಳೆಯ ಹಾಳೆಗಳಲ್ಲೂ ಗೌಂಡಿಗಳ ಹೆಬ್ಬೆಟ್ಟುಗಳೆಲ್ಲ ಹಾಗೆಯೇ ಇದ್ದವು. ಮಾರ್ಚ್ 14ರದೊಂದೇ ಸ್ವಚ್ಛವಾಗಿತ್ತು.

ನೋಟಿಸು ಪಡೆದು ಸುಭಾಷ್ ಬಂದ.

"ಎಡಗೈ ಇಲ್ಲಿ ಇಡ್ರಿ."

"ನಾ ಸಹಿ ಮಾಡಾಂವ್ರಿ. ನನ್ನ ಹೆಬ್ಬಟ್ಟು ಯಾಕ?" ಎನ್ನುತ್ತಲೇ ಮುಷ್ಟಿ ಬಿಗಿದ.

"ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡನಂತ," ಎಂದ ಯಲ್ಲಾಲಿಂಗ.

ಸೆಪ್ಟೆಂಬರ್ 2ರಂದು ರಾಯಚೂರಿನಿಂದ ಬೆರಳಚ್ಚು ತಜ್ಞರ ವರದಿ ಬಂತು. ಪುಸ್ತಕದಲ್ಲಿದ್ದದ್ದು ಸುಭಾಷನ ಎಡ ಹೆಬ್ಬೆರಳು. ಮರುದಿನ ಬೆಳಿಗ್ಗೆ 11.20ಕ್ಕೆ ಅವನ ಬಂಧನವಾಯಿತು. ಟ್ರ್ಯಾಕ್ಟರ್ ಹೊಡೆದವನೂ ತಾನೇ ಎಂದು ಒಪ್ಪಿಕೊಂಡ. ಸರ್ಕಾರಿ ನೌಕರಿಯ ಆಯ್ಕೆ ಪಟ್ಟಿಯಲ್ಲಿ ಅವನ ಹೆಸರಿತ್ತು, ಪೊಲೀಸ್ ಪರಿಶೀಲನೆಯೊಂದೇ ಬಾಕಿ ಇತ್ತು.

"ಆರು ವರ್ಷ ಓದೀನ್ರಿ ಮೇಡಂ. ಒಂದ ಕೇಸಿಗೆ ಎಲ್ಲಾ ಹೋಗತಿತ್ತು."

"ಯಂಕೋಬನ ಬಾಳು?"

"ಹೆಬ್ಬಟ್ಟಿನ ಮಂದೀದು ಯಾರು ಕೇಳ್ತಾರಂತ..." ಎಂದವನು ತಲೆ ಎತ್ತಲಿಲ್ಲ. ಗಾರೆ ಮುಟ್ಟದ ಆ ಕೈಗೆ, ಬಡವನ ಬೆರಳು ಸವೆಯುತ್ತದೆ ಎಂಬುದೇ ತಿಳಿದಿರಲಿಲ್ಲ.

ನ್ಯಾಯಾಲಯ ಯಂಕೋಬನನ್ನು ಕೇಸಿನಿಂದ ಬಿಟ್ಟ ಮೇಲೆ ಆದೇಶದ ಪ್ರತಿ ಕೊಡಲು ಠಾಣೆಗೆ ಕರೆಸಿದರು. ಯಲ್ಲಾಲಿಂಗ ರೂಢಿಯಂತೆ ಮಸಿ ಡಬ್ಬಿ ಮುಂದೆ ತಳ್ಳಿ, ಆಮೇಲೆ ನಾಚಿದ. ಯಂಕೋಬ ಹೆಬ್ಬೆಟ್ಟು ಒತ್ತಿದ. ಕಪ್ಪು ಕಲೆ ಮೂಡಿತು.

"ಇದು ನಂದ್ರಿ," ಎಂದ.

ಬಾಗಿಲಲ್ಲಿ ನಿಂತಿದ್ದ ಸೌಭಾಗ್ಯ ಒಳಬಂದು ಅವನ ಕೈ ಹಿಡಿದು ಸೆರಗಿನಿಂದ ಮಸಿ ಒರೆಸತೊಡಗಿದಳು.

"ನಿಮ್ಮ ಬೆರಳು ಮೂಡಂಗಿಲ್ಲಂತ ತಿಂಗಳಾ ರೇಷನ್ನಿಗೆ ನಾನ ಒತ್ತತಿದ್ದೆ. ಆದ್ರೂ ನಿಮ್ಮನ್ನ ನಂಬಲಿಲ್ಲ. ತಪ್ಪಾತು."

ಯಂಕೋಬನ ಕಣ್ಣು ತುಂಬಿ ಬಂತು. ಆದರೆ ಕೈ ಬಿಡಿಸಿಕೊಳ್ಳಲಿಲ್ಲ.

"ಅಕಿ ನನಗೂ ಅವ್ವನ ಇದ್ಲು. ಅಳಾಕೂ ಬಿಡಲಿಲ್ಲ ನೀವು," ಎಂದ. "ನಡಿ, ಮೊದಲ ಅವ್ವನ್ನ ಮಣ್ಣು ಮಾಡಿದ ಜಾಗಾಕ್ಕ ಹೋಗೂಣು."