ಹೆಬ್ಬೆಟ್ಟು ಬೇಡುವ ಕೈಪಟ್ಟಿ

ಶಶಾಂಕ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ ಅವನ ಕೈಪಟ್ಟಿಯ ಹಸಿರು ದೀಪ ಹಳದಿಗೆ ತಿರುಗಿತು. ಅವನಿಗಿನ್ನೂ ಏನೂ ಆಗಿರಲಿಲ್ಲ. ಬೆವರಿನ ಉಪ್ಪು, ನಾಡಿಯ ಏರಿಳಿತ, ಮಾತಿನ ನಡುವಿನ ತಡೆ ಇವನ್ನೆಲ್ಲ ಅಳೆದು, ಬೇರೆ ಯಾರಿಗೂ ಕೇಳದ ದನಿಗಳು ಅವನ ಕಿವಿಯಲ್ಲಿ ಶುರುವಾಗುವ ಮೊದಲೇ ಎಚ್ಚರಿಸುವ ಯಂತ್ರ ಅದು. ಎದುರುಮನೆಯ ಪಲ್ಲವಕ್ಕ ಹಳದಿ ಕಂಡದ್ದೇ ತಡ, ಒಣಹಾಕುತ್ತಿದ್ದ ಬಟ್ಟೆಯನ್ನು ಬಕೆಟ್ಟಿನಲ್ಲೇ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇದು ಇನ್ನು ಮೂವತ್ತು ವರ್ಷಗಳಾಚೆಯ ದಾವಣಗೆರೆ. ಪಟ್ಟಿಯನ್ನು ಕಂಡುಹಿಡಿದ ಡಾ. ಮೃಣಾಲಿನಿ ಅಂದು ಅದೇ ಜಗಲಿಯಲ್ಲಿದ್ದರು. ಶಶಾಂಕನ ಅಕ್ಕ ಸಿಂಚನ ಹತ್ತಾರು ಸಲ ಫೋನ್ ಮಾಡಿ ಕರೆಸಿದ್ದಳು.

"ದೀಪ ಹೊರಗೆ ಕಾಣೋ ಹಾಗೆ ಇಟ್ಟಿದ್ದೇ ಅಕ್ಕಪಕ್ಕದವರು ನೋಡಿ ಬರಲಿ ಅಂತ," ಎಂದರು ಅವರು.

"ನೋಡೋದಕ್ಕೇನು ಕಮ್ಮಿ ಇಲ್ಲ ಮೇಡಂ," ಎಂದಳು ಸಿಂಚನ. "ಈ ಪಟ್ಟಿ ಇಲ್ದಾಗ ಇದೇ ಪಲ್ಲವಕ್ಕ ಬಂದು ಇವ್ನ ಮುಂದೆ ಮೊರ ಇಟ್ಟು, 'ಲೇ ಶಶಿ, ನಿನ್ನ ದನಿಗಳಿಗೂ ಹೇಳು, ಬರೀ ಮಾತಾಡೋ ಬದ್ಲು ನಾಕು ಕಾಯಿ ಸುಲೀಲಿ' ಅನ್ನೋರು. ಇವ್ನು ನಗೋನು. ಎಷ್ಟೋ ಸಲ ಅಷ್ಟಕ್ಕೇ ಸರಿ ಹೋಗೋದು. ಈಗ ಇವ್ನ ಮುಖ ಯಾರೂ ನೋಡಲ್ಲ, ಕೈ ನೋಡ್ತಾರೆ."

ದೀಪ ಕೆಂಪಾದರೆ ಬೀದಿಯವರೊಬ್ಬರು ಪಟ್ಟಿಗೆ ಹೆಬ್ಬೆಟ್ಟು ಒತ್ತಿ ಜೊತೆಗೆ ಕೂರಬೇಕು. ಸಂಜೆಯೊಳಗೆ ಯಾರೂ ಬಾರದಿದ್ದರೆ ನೆರವು ಕೇಂದ್ರದ ಗಾಡಿ ಬಂದು ರೋಗಿಯನ್ನು ದೂರದ ವಾರ್ಡಿಗೆ ಒಯ್ಯುತ್ತದೆ. ಹೋದ ಸಲ ಅಲ್ಲಿಂದ ಬಂದ ಶಶಾಂಕ ತಿಂಗಳುಗಟ್ಟಲೆ ಅಕ್ಕನ ಜೊತೆಗೂ ಮಾತಾಡಿರಲಿಲ್ಲ. ಅಕ್ಕನ ಹೆಬ್ಬೆಟ್ಟು ಇಲ್ಲಿ ನಡೆಯದು. ಮನೆಯವರೇ ಹಗಲೂ ರಾತ್ರಿ ಬೇಯಬಾರದು, ಬೀದಿಯೂ ಹೆಗಲು ಕೊಡಲಿ ಎಂದು ಮೃಣಾಲಿನಿಯವರೇ ಹಟ ಹಿಡಿದು ಮಾಡಿಸಿದ ನಿಯಮವದು. ಒಳ್ಳೆಯ ಮನಸ್ಸಿನಿಂದಲೇ ಮಾಡಿಸಿದ್ದರು. ಏನು ಬಂತು ಭಾಗ್ಯ?

ಪಕ್ಕದ ಮನೆಯ ಅಗುಳಿ ಬಿದ್ದ ಸದ್ದಾಯಿತು. ಶಶಾಂಕನ ಕೈ ನಿಂತಿತು. ಆಚೆಮನೆಯ ಬಾಗಿಲೂ ಮುಚ್ಚಿತು. ಮೃಣಾಲಿನಿಯವರು ತಮ್ಮ ಫೋನಿನಲ್ಲಿ ನೋಡುತ್ತಿದ್ದಂತೆಯೇ, ಒಂದೊಂದು ಬಾಗಿಲಿಗೂ ಅವನ ನಾಡಿ ಏರಿ ದೀಪ ಕೆಂಪಾಯಿತು. ಅವರು ಗಾಬರಿಯಿಂದ ತಮ್ಮ ಹೆಬ್ಬೆಟ್ಟನ್ನೇ ಒತ್ತಿದರು. ಈ ಬೀದಿಯವರಲ್ಲ ಎಂದಿತು ಪಟ್ಟಿ.

"ಬಿಚ್ಚಿಬಿಡಲಾ?" ಎಂದರು ಸಿಂಚನಳಿಗೆ.

"ಬಿಚ್ಚಿದ್ರೆ ಕೇಂದ್ರದೋರು ಮಾತ್ರೆ ಕೊಡಲ್ಲ ಮೇಡಂ."

ಅವರು ಓಡಿಹೋಗಿ ಎದುರುಮನೆಯ ಬಾಗಿಲು ಬಡಿದರು. ಕಿಟಕಿ ತುಸು ತೆರೆಯಿತು.

"ನಂಗೇನು ಅವ್ನ ಮೇಲೆ ಸಿಟ್ಟಾ?" ಎಂದಳು ಪಲ್ಲವಕ್ಕ. "ಎತ್ತಿ ಆಡಿಸಿದ ಹುಡ್ಗ. ಹೆಬ್ಬೆಟ್ಟು ಒತ್ತಿದ ಮೇಲೆ ಏನಾರ ಹೆಚ್ಚುಕಮ್ಮಿ ಆದ್ರೆ ನನ್ನ ತಲೆಗೇ ಬರುತ್ತಲ್ಲ. ಮೊದ್ಲು ಏನೂ ಗೊತ್ತಾಗ್ತಿರ್ಲಿಲ್ಲ, ಹೋಗಿ ಕೂರ್ತಿದ್ದೆ. ಈಗ ನಿಮ್ಮ ಮಿಷನ್ನೇ ಕೆಂಪು ತೋರಿಸ್ತೈತೆ, ಹೆಂಗೆ ಬರ್ಲಿ?"

ಪಟ್ಟಿ ಸುಳ್ಳು ಹೇಳುತ್ತಿಲ್ಲ, ಪಲ್ಲವಕ್ಕನೂ ಹೇಳುತ್ತಿಲ್ಲ. ಮೃಣಾಲಿನಿಯವರು ಮರಳಿ ಬಂದು ಸಿಂಚನಳ ಪಕ್ಕದಲ್ಲಿ ಕೂತರು.

ಸಂಜೆ ಗಾಡಿ ಬಂತು. ಶಶಾಂಕ ಜಗಳ ಮಾಡಲಿಲ್ಲ. ಮೊರವನ್ನು ಅಕ್ಕನ ಕಡೆ ಸರಿಸಿದ.

"ಪಲ್ಲವಕ್ಕಂಗೆ ಕೊಡು. ಅವ್ರಿಗೆ ಅಂತಲೇ ಸುಲಿದಿದ್ದು."

ಗಾಡಿ ತಿರುವು ದಾಟಿದ ಮೇಲೆ ಬಾಗಿಲುಗಳು ತೆರೆದುಕೊಂಡವು. ಪಲ್ಲವಕ್ಕ ಕಣ್ಣೊರೆಸಿಕೊಳ್ಳುತ್ತ ಬಂದು, ಅವನು ಕೂತಿದ್ದ ಜಾಗದಲ್ಲೇ ಕೂತು ಉಳಿದ ಕಾಯಿ ಸುಲಿಯತೊಡಗಿದಳು. ಸಿಂಚನ ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ.

ಆ ಪಟ್ಟಿ ಬರಲು ಇನ್ನೂ ಎಷ್ಟೋ ವರ್ಷಗಳಿವೆ, ಬಾರದೆಯೂ ಇರಬಹುದು. ಆ ಬಾಗಿಲುಗಳು ಮಾತ್ರ ನಮ್ಮ ಬೀದಿಯಲ್ಲಿ ಈಗಲೇ ಇವೆ.