ಒಳಗಿನಿಂದ ಹೊರಟ ಕವಲು ಬೇರು

"ಏನ್ರೀ ಇದು? ಬೇರು ಕೊಯ್ದಿದ್ದೀರೋ, ಸೌದೆ ಒಡೆದಿದ್ದೀರೋ?"

ಹೊಸ ಸಸ್ಯಶಾಸ್ತ್ರ ಮೇಷ್ಟ್ರ ಮೊದಲ ಮಾತೇ ಅದು! ವಿದ್ಯಾರ್ಥಿಗಳೆಲ್ಲ ಗೊಳ್ಳೆಂದು ನಕ್ಕರು. ಲ್ಯಾಬಿನ ಸಹಾಯಕಿ ತಲೆ ತಗ್ಗಿಸಿ ಬಲಗೈಯನ್ನು ಕೋಟಿನ ಜೇಬಿಗೆ ತುರುಕಿದಳು.

ಹನ್ನೊಂದು ವರ್ಷ ಬ್ಲೇಡು ಹಿಡಿದು, ಬೇರನ್ನು ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದ ಕೈ ಅದು. ಈಗ ನಡುಗುತ್ತಿತ್ತು. ಡಾಕ್ಟರು ಕೈಚೆಲ್ಲಿದ್ದರು. ಗೊತ್ತಾದರೆ ಕೆಲಸ ಹೋಗುತ್ತದೆ. ಆ ಕೆಲಸ ಬಿಟ್ಟರೆ ತನ್ನದು ಅನ್ನುವುದು ಅವಳಿಗೇನಿತ್ತು?

ಜೇಬು ಅದುರುವುದನ್ನು ಅವನು ನೋಡಿಬಿಟ್ಟ. ಸರಕ್ಕನೆ ಬೋರ್ಡಿನತ್ತ ತಿರುಗಿ ಪಾಠ ಶುರುಮಾಡಿದ.

ಮರುವಾರದಿಂದ ಅವಳ ಪೆಟ್ಟಿಗೆಯಲ್ಲಿ, ತೆಳ್ಳಗೆ ಕೊಯ್ದ ಬೇರನ್ನು ಗಾಜಿನ ಮೇಲಿಟ್ಟ ಸ್ಲೈಡುಗಳು ಮೊದಲೇ ತಯಾರಿರುತ್ತಿದ್ದವು!

'ನನ್ನ ಜಾಗಕ್ಕೆ ಬೇರೆ ಯಾರನ್ನೋ ಇಟ್ಕೊಂಡಿದ್ದಾನೆ… ಮುಖಕ್ಕೆ ಹೇಳೋ ಧೈರ್ಯ ಇಲ್ಲ!'

ಹಟಕ್ಕೆ ಆ ಸ್ಲೈಡುಗಳನ್ನು ಅವಳು ಸೂಕ್ಷ್ಮದರ್ಶಕದಲ್ಲಿ ಒಮ್ಮೆಯೂ ನೋಡಲಿಲ್ಲ. ಆದರೂ ದಿನಾ ಬೆಳಗ್ಗೆ "ಕಾಫಿ ಆಯ್ತಾ?" ಎನ್ನುವ ಅವನ ದನಿಗೇ ಕಾಯುತ್ತಿದ್ದಳು. ಹಾಳು ಮನಸ್ಸು!

ತಿಂಗಳಾಯಿತು. ರಾಜೀನಾಮೆ ಬರೆದು ಜೇಬಿಗಿಟ್ಟವಳು, ಕಡೆಯದಾಗಿ ಒಂದು ಸ್ಲೈಡು ನೋಡಿದಳು. ಹೊರಪದರ, ಅದರೊಳಗೆ ದುಂಡು ಕೋಶಗಳ ಸಾಲು, ನಟ್ಟನಡುವೆ ನೀರು ಸಾಗಿಸುವ ಕೊಳವೆಗಳ ನಾಲ್ಕು ಮೂಲೆಯ ನಕ್ಷತ್ರ. ಎಲ್ಲ ಸರಿಯಿತ್ತು. ಆದರೆ ಪಕ್ಕದಲ್ಲಿ, ಒಳಗೆ ಹುಟ್ಟಿದ ಎಳೆ ಕವಲು ಬೇರೊಂದು ಕೋಶಗಳನ್ನೆಲ್ಲ ಸೀಳಿಕೊಂಡು ಹೊರಬರುತ್ತಿತ್ತು.

ಕಸುಬು ಗೊತ್ತಿದ್ದವರು ಇಂಥದ್ದನ್ನು ತರಗತಿಗೆ ಇಡುವುದಿಲ್ಲ. ಎಸೆದು ಬೇರೆ ಕೊಯ್ಯುತ್ತಾರೆ. ಹಾಗಾದರೆ ಇದು ಕಸುಬಿನವರ ಕೈಯಲ್ಲ, ಮತ್ತೆ ಯಾರದು…?

ತಿರುಗಿದಳು. ಬಾಗಿಲಲ್ಲಿ ಅವನು. ಇಷ್ಟು ದಿನ ಪುಸ್ತಕದಡಿ ಮರೆಮಾಡುತ್ತಿದ್ದ ಎಡಗೈಯ ಮೂರು ಬೆರಳಿಗೆ ಪಟ್ಟಿ!

"ನೀವಾ… ಸರ್?"

"ದಿನಾ ಬೆಳಗ್ಗೆ ಆರಕ್ಕೇ ಬಂದು ಕೊಯ್ತಿದ್ದೆ. ನಿಮ್ಮ ಕೆಲಸ ಉಳೀಲಿ ಅಂತ. ಅವತ್ತು ಬಾಯಿಗೆ ಬಂದಂಗೆ ಅಂದ್ಬಿಟ್ಟೆ… ನನ್ನ ನಾಲಿಗೆ ಬಿದ್ದುಹೋಗ!"

"ಈ ಸ್ಲೈಡು ಕೆಟ್ಟಿದೆ. ಯಾಕೆ ಇಟ್ರಿ?"

"ಎಸೆಯೋಕೆ ಮನಸ್ಸು ಬರ್ಲಿಲ್ಲ. ಒಳಗಿಂದ ಹೊರಟಿದ್ದು ತಡೆದ್ರೆ ನಿಲ್ಲುತ್ತಾ? ನನ್ನ ಕಥೆನೂ ಅದೇ ರೀ… ನೀವಂದ್ರೆ ನಂಗೆ ಪ್ರಾಣ."

ಅವಳಿಗೆ ದುಃಖ ಒತ್ತರಿಸಿ ಬಂತು.

"ಈ ಕೈ ನಡುಕ ವಾಸಿಯಾಗಲ್ಲ ಸರ್. ನಾಳೆ ಒಂದು ಲೋಟ ಹಿಡಿಯೋಕೂ ಆಗಲ್ಲ…"

"ಗೊತ್ತು."

ಅವನು ಆ ಕೈಯನ್ನು ತನ್ನೆರಡು ಕೈಯೊಳಗೆ ತೆಗೆದುಕೊಂಡ. ನಡುಕ ನಿಲ್ಲಲಿಲ್ಲ. ಅವನು ಬಿಡಲೂ ಇಲ್ಲ.

"ಲೋಟ ನಾನು ಹಿಡೀತೀನಿ."

"ಬ್ಲೇಡು ಹಿಡಿಯೋಕೇ ಬರಲ್ಲ ನಿಮಗೆ!" ಅಳುತ್ತಲೇ ಅಂದಳು.

"ಹಾಗಿದ್ರೆ ಪಕ್ಕದಲ್ಲೇ ಇದ್ದು ಕಲಿಸಿ."